ಎಂ.ಟೆಕ್ ಮುಗಿಯಿತು, ಮೊದಲ ನಮಸ್ಕಾರ ಕ್ವಾರಿಯವರಿಗೆ

ಮೊನ್ನೆ ವೈವಾ ಆಯಿತು, ಪಾಸಾದೆ. ಕಟ್ಟಡ ಸಾಮಗ್ರಿಗಳ ವಿಭಾಗದಲ್ಲಿ ಎಂ.ಟೆಕ್, ಪ್ರಾಜೆಕ್ಟ್ ನಮ್ಮ ಕರಾವಳಿಯ ಚಿರೇಕಲ್ಲಿನ, ಅಂದರೆ ಮನೆ ಕಟ್ಟುವ ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ಫೋನ್ ಮಾಡಿ ಖುಷಿಪಟ್ಟ ಎಲ್ಲರಿಗೂ ಥ್ಯಾಂಕ್ಸ್. ಆದರೆ ಈ ಡಿಗ್ರಿಯಲ್ಲಿ ಪಾಲಿರುವ ಕೆಲವರ ಹೆಸರು ಸರ್ಟಿಫಿಕೇಟಿನಲ್ಲಿ ಬರುವುದಿಲ್ಲ. ಅವರ ಬಗ್ಗೆ ಬರೆಯದೆ ನನಗೆ ಸಮಾಧಾನ ಇಲ್ಲ.

ಮೊದಲು ಅಂಕೋಲಾ ಕಡೆಯ ಕ್ವಾರಿಯ ಮೇಸ್ತ್ರಿ ಅಣ್ಣ. ನಾನು ಹೋಗಿ ಕಲ್ಲು ಬೇಕು ಅಂದಾಗ ಕೊಟ್ಟು ಕಳಿಸಬಹುದಿತ್ತು. ಅವರು ಹೊಂಡಕ್ಕೆ ಇಳಿಸಿ ಗೋಡೆಯ ಮುಂದೆ ನಿಲ್ಲಿಸಿದರು. "ತಂಗಿ, ಮೇಲಿನ ಕಲ್ಲು ಮಾತ್ರ ತಗೊಂಡು ಹೋಗ್ಬೇಡ, ಕೆಳಗಿಂದೂ ನೋಡು" ಅಂದರು. ಮೇಲೆ ಕಡು ಕಂದು ಬಣ್ಣದ ಗಟ್ಟಿ ಕಲ್ಲು, ಇಳಿಯುತ್ತ ಹೋದಂತೆ ಹಳದಿ ಜಾಸ್ತಿ, ಆಮೇಲೆ ಉಗುರಿಗೇ ಬರುವಷ್ಟು ಮೆತ್ತಗೆ, ಕೊನೆಗೆ ಶೇಡಿ, ಅಂದರೆ ಜೇಡಿಯಂಥ ಮೆತ್ತನೆ ಮಣ್ಣು. ಸುತ್ತಿಗೆಯಿಂದ ಒಂದೊಂದಕ್ಕೂ ತಟ್ಟಿ, ಸದ್ದು ಕೇಳಿಯೇ ಯಾವುದು ಪಾಯಕ್ಕೆ, ಯಾವುದು ಒಳಗೋಡೆಗೆ ಅಂತ ಹೇಳುತ್ತಿದ್ದರು. ಆಳದ ಪ್ರಕಾರ ಕಲ್ಲು ಬೇರೆ ಮಾಡಿ ಪರೀಕ್ಷೆ ಮಾಡುವ ಯೋಚನೆ ನನಗೆ ಬಂದದ್ದು ಅಲ್ಲೇ. ಹೊಸದಾಗಿ ಕಡಿದ ಕಲ್ಲನ್ನು ಒಯ್ಯಲು ಬಿಡಲೂ ಇಲ್ಲ. ಗಾಳಿ ಬಿಸಿಲಿಗೆ ಬಿದ್ದು ಗಟ್ಟಿಯಾಗಲಿ, ಆಮೇಲೆ ಬಾ ಅಂದರು.

ಎರಡನೆಯವರು ನಮ್ಮ ಲ್ಯಾಬ್‌ನ ಅಣ್ಣ. ಚಿರೇಕಲ್ಲಿನ ಗುಣಮಟ್ಟ ಹೇಳುವ ಭಾರತೀಯ ಮಾನಕ ಐಎಸ್ 3620 ಪ್ರಕಾರ ಗೋಡೆ ಕಟ್ಟುವ ಚಿರೇಕಲ್ಲು ಚದರ ಮಿಲಿಮೀಟರಿಗೆ ಕನಿಷ್ಠ 3.5 ನ್ಯೂಟನ್ ಒತ್ತಡ ತಡೆಯಬೇಕು, ಹೀರುವ ನೀರು ತೂಕದ ಶೇ. 12 ದಾಟಬಾರದು. ಓದಲು ಸುಲಭ. ಆದರೆ ಈ ಕಲ್ಲಿನ ಮೈತುಂಬ ತೂತು, ಹಾಗೇ ಮಷಿನ್ನಿಗೆ ಇಟ್ಟರೆ ಎದ್ದ ಅಂಚುಗಳ ಮೇಲಷ್ಟೇ ಭಾರ ಬಿದ್ದು ಲೆಕ್ಕವೇ ತಪ್ಪುತ್ತದೆ. ಎರಡೂ ಮುಖಕ್ಕೆ ಸಿಮೆಂಟ್ ಗಾರೆ ಹಚ್ಚಿ, ಮಟ್ಟಗೋಲು ಇಟ್ಟು ಸಮ ಮಾಡುವುದನ್ನು ಅವರು ಕೈ ಹಿಡಿದು ಕಲಿಸಿದರು. ಒಂದಿಡೀ ದಿನ ನೀರಲ್ಲಿ ನೆನೆದ ಕಲ್ಲು ಒಡೆಯುವಾಗ ದೊಡ್ಡ ಸದ್ದೇನೂ ಬರುವುದಿಲ್ಲ. ಅಂಚಿನಿಂದ ಪುಡಿ ಉದುರುತ್ತದೆ, ಕೆಂಪು ನೀರು ಒಸರುತ್ತದೆ, ಮಷಿನ್ನಿನ ಮುಳ್ಳು ಮುಂದೆ ಹೋಗದೆ ನಿಲ್ಲುತ್ತದೆ. ಪ್ರತಿ ಸಲ ಆ ಕೆಂಪು ರಾಡಿ ಬಳಿದವರು ಅವರೇ, ಒಮ್ಮೆಯೂ ಮುಖ ಸಿಂಡರಿಸಲಿಲ್ಲ.

ಒಣ ಕಲ್ಲಿಗಿಂತ ನೆನೆದ ಕಲ್ಲಿನ ಶಕ್ತಿ ಕಡಿಮೆ, ಅದರಲ್ಲೂ ಕೆಳಗಿನ ಪದರದ್ದು ತುಂಬಾ ಕಡಿಮೆ. ನನ್ನ ಪ್ರಾಜೆಕ್ಟ್‌ನಲ್ಲಿ ಸಿಕ್ಕ ಮುಖ್ಯ ವಿಷಯ ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಒಣಗದ ನಮ್ಮೂರಿಗೆ ಇದು ಸಣ್ಣ ಮಾತಲ್ಲ, ಅಲ್ವಾ?

2024ರ ಜುಲೈ 16ಕ್ಕೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯಿತು. ಜೀವ ಹೋದ ಮನೆಗಳ ಮುಂದೆ ನನ್ನ ಕಷ್ಟ ಹೇಳಿಕೊಳ್ಳುವಂಥದ್ದೇ ಅಲ್ಲ. ಆದರೂ ಒಣಗಿಸಿ ಜೋಡಿಸಿಟ್ಟ ಕಲ್ಲನ್ನು, ಮಳೆ ಸ್ವಲ್ಪ ಬಿಟ್ಟ ಮೇಲೆ, ಟೆಂಪೋದ ಅಣ್ಣ ಟಾರ್ಪಾಲು ಕಟ್ಟಿ, ಘಟ್ಟ ಹತ್ತಿ ಯಲ್ಲಾಪುರ, ಶಿರಸಿ ಸುತ್ತಿ ಕಾಲೇಜಿಗೆ ತಲುಪಿಸಿದರು. ಡೀಸೆಲ್ ದುಡ್ಡು ಬಿಟ್ಟು ಒಂದು ರೂಪಾಯಿ ಜಾಸ್ತಿ ತಗೊಳ್ಳಲಿಲ್ಲ. ಅವರ ಋಣ ನಾನು ಮರೆಯುವುದಿಲ್ಲ.

ಗೈಡ್ ಮೇಡಂ, ನೀವು ಪ್ರತಿ ಅಂಕಿಗೂ "ಯಾಕೆ?" ಅಂತ ಕೇಳಿದ್ದಕ್ಕೇ ನಾನು ವೈವಾದಲ್ಲಿ ಹೆದರದೆ ನಿಂತೆ. ಆಯಿ, ಹುಡುಗಿಗೆ ಕಲ್ಲು ಮಣ್ಣಿನ ಓದು ಯಾಕೆ ಅಂದವರಿಗೆಲ್ಲ ನೀನೇ ಉತ್ತರ ಕೊಟ್ಟೆ. ನನ್ನವರೆಗೆ ಆ ಮಾತು ಬರಲೇ ಬಿಡಲಿಲ್ಲ.

ಪರೀಕ್ಷೆಯಲ್ಲಿ ಕಂಡದ್ದನ್ನು ಕನ್ನಡದಲ್ಲಿ ನಾಲ್ಕು ಪುಟ ಬರೆಯುತ್ತಿದ್ದೇನೆ. ಮೊದಲ ಪ್ರತಿ ಮೇಸ್ತ್ರಿ ಅಣ್ಣನಿಗೆ. ಚಿರೇಕಲ್ಲಿನ ಮನೆ ಕಟ್ಟಿಸುವವರು ಯಾರಿದ್ದರೂ ಕೇಳಿ, ಕಳಿಸುತ್ತೇನೆ.