ಖಿನ್ನತೆಯ ಮಾತ್ರೆ ಮಳೆಗಾಲದಲ್ಲಿ ನಿಲ್ಲದಿರಲಿ: ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಉತ್ತರ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಮಾನ್ಯರೇ, ನಮಸ್ಕಾರ.

ಖಿನ್ನತೆ ಇರುವವರನ್ನು ಆಸ್ಪತ್ರೆಗೆ ಕರೆತರುವುದೇ ಕಷ್ಟ ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜ. ಆದರೆ ಬಂದು ಚೀಟಿ ಬರೆಸಿಕೊಂಡು ಹೋದವರ ಚಿಕಿತ್ಸೆ ನಡುವೆ ಮುರಿದುಬೀಳುವುದು ಅಷ್ಟೇ ದೊಡ್ಡ ಸಮಸ್ಯೆ. ಹೆಚ್ಚಾಗಿ ಇದು ಆಗುವುದು ಮೊದಲ ಎಂಟು ವಾರಗಳಲ್ಲಿ. ಇದನ್ನು ತಡೆಯಲು ಹೊಸ ಕಟ್ಟಡ ಬೇಡ, ಹೊಸ ಯೋಜನೆಯೂ ಬೇಡ. ತಮ್ಮ ಅಧ್ಯಕ್ಷತೆಯ ಕೆಡಿಪಿ (ಜಿಲ್ಲಾ ಪ್ರಗತಿ ಪರಿಶೀಲನಾ) ಸಭೆಯಲ್ಲಿ ತೀರ್ಮಾನವಾಗಬಹುದಾದ ಕೆಲಸ ಇದು.

ಸರಕಾರಿ ಆಸ್ಪತ್ರೆಗಳಲ್ಲಿ ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಎಸ್ಸಿಟಲೋಪ್ರಾಮ್ 10 ಮಿ.ಗ್ರಾಂ ಅಥವಾ ಫ್ಲುಯಾಕ್ಸೆಟಿನ್ 20 ಮಿ.ಗ್ರಾಂ ಜ್ವರದ ಮಾತ್ರೆಯಂತಲ್ಲ. ಮೊದಲ ವಾರ ಹಲವರಿಗೆ ಹೊಟ್ಟೆ ತೊಳಸುತ್ತದೆ, ತಲೆ ನೋಯುತ್ತದೆ, ಕೆಲವರಿಗೆ ಚಡಪಡಿಕೆ ಹೆಚ್ಚುತ್ತದೆ. ಗುಣ ಕಾಣಲು 2ರಿಂದ 4 ವಾರ ಬೇಕು, ಪೂರ್ತಿ ಪರಿಣಾಮಕ್ಕೆ 6ರಿಂದ 8 ವಾರ. ತೊಂದರೆ ಮೊದಲು, ಗುಣ ಆಮೇಲೆ. ಚೀಟಿ ಬರೆಯುವಾಗ ಈ ಮಾತು ಹೇಳದಿದ್ದರೆ ಹತ್ತು ದಿನದೊಳಗೆ ಮಾತ್ರೆ ಕಪಾಟು ಸೇರುತ್ತದೆ. ಇನ್ನು ಕೆಲವರು ಎರಡು ತಿಂಗಳಿಗೆ ಹಗುರಾಯಿತೆಂದು ತಾವಾಗಿಯೇ ಬಿಡುತ್ತಾರೆ. ಗುಣವಾದ ಮೇಲೂ ಕನಿಷ್ಠ 6ರಿಂದ 9 ತಿಂಗಳು ನುಂಗಬೇಕು, ಬಿಡುವಾಗ ವೈದ್ಯರ ಮಾತಿನಂತೆ ಹಂತಹಂತವಾಗಿ ಇಳಿಸಬೇಕು. ಥಟ್ಟನೆ ನಿಲ್ಲಿಸಿದರೆ ತಲೆ ತಿರುಗು, ಸಿಟ್ಟು, ನಿದ್ದೆಗೇಡು, ತಲೆಯೊಳಗೆ ಕರೆಂಟು ಹೊಡೆದಂಥ ಅನುಭವ ಬರಬಹುದು. ಮನೆಯವರು ಅದನ್ನು ನೋಡಿ 'ಈ ಮಾತ್ರೆಗೆ ಚಟ ಹತ್ತುತ್ತದೆ' ಎಂದುಕೊಳ್ಳುತ್ತಾರೆ. ಚಟವಲ್ಲ, ಮಾತ್ರೆ ಥಟ್ಟನೆ ನಿಂತದ್ದರ ಪರಿಣಾಮ. ಆಸ್ಪತ್ರೆಯಿಂದ ಮಾತ್ರೆಯ ಸರಬರಾಜು ತಪ್ಪಿದರೂ ಹೀಗೇ ಆಗುತ್ತದೆ.

ಸರಬರಾಜು ತಪ್ಪುವುದು ಯಾವಾಗ ಎಂಬುದು ತಮಗೆ ಗೊತ್ತೇ ಇದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ-66 ಹಲವು ದಿನ ಬಂದಾಯಿತು. ಅಷ್ಟು ದೊಡ್ಡದೇ ಆಗಬೇಕೆಂದಿಲ್ಲ. ಘಟ್ಟದಲ್ಲಿ ಒಂದು ಮರ ಬಿದ್ದರೆ, ಜೊಯಿಡಾದ ಊರಿನಲ್ಲಿ ಕಾಲುಸಂಕದ ಮೇಲೆ ನೀರು ಬಂದರೆ, ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಆ ಒಂದು ನಿಗದಿತ ದಿನದ ಭೇಟಿ ತಪ್ಪಿಹೋಗುತ್ತದೆ. ಹೀಗೆ ಮನೋವೈದ್ಯರನ್ನು ತಾಲ್ಲೂಕಿಗೆ ಕಳಿಸುವ ಸರಕಾರದ ಮನೋಚೈತನ್ಯ ಕಾರ್ಯಕ್ರಮ ಒಳ್ಳೆಯದು. ಆದರೆ ಆ ದಿನ ತಪ್ಪಿದವರಿಗೆ ಮಾತ್ರೆ ಕೊಡುವವರು ಯಾರೆಂದು ಬರೆದಿಟ್ಟಿರಬೇಕು. ಇದೇ ಮಳೆಗಾಲದಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ, ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆದಾಯ ನಿಂತು, ಸಾಲ ನೆನಪಾಗಿ, ಕುಡಿತ ಹೆಚ್ಚುವ ಹೊತ್ತು. ಮದ್ಯ ನಿದ್ದೆ ಬರಿಸಿದಂತೆ ಮಾಡಿ ನಡುರಾತ್ರಿ ಎಬ್ಬಿಸುತ್ತದೆ, ಮರುದಿನದ ಮನಸ್ಸನ್ನು ಇನ್ನಷ್ಟು ಕುಗ್ಗಿಸುತ್ತದೆ.

ಆದ್ದರಿಂದ ಮೊದಲ ಬೇಡಿಕೆ: ಚಿಕಿತ್ಸೆಯಲ್ಲಿ ಸ್ಥಿರವಾಗಿರುವವರಿಗೆ ಮೇ ಕೊನೆಯೊಳಗೆ 60 ದಿನದ ಮಾತ್ರೆ ಒಟ್ಟಿಗೆ ಕೊಡಿಸಿ. ಹಳೆ ಚೀಟಿ ತೋರಿಸಿದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಸಿಗಲಿ. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2017ರ 18ನೇ ಕಲಮು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಕ್ಕೆ ಅಗತ್ಯ ಔಷಧಗಳು ಸದಾ ಉಚಿತವಾಗಿ ಸಿಗಬೇಕೆನ್ನುತ್ತದೆ. 'ಸ್ಟಾಕಿಲ್ಲ, ಮುಂದಿನ ವಾರ ಬನ್ನಿ' ಎಂಬ ಉತ್ತರ ಈ ಕಾಯಿಲೆಗೆ ಸಲ್ಲದು.

ಇದಕ್ಕೊಂದು ಎಚ್ಚರಿಕೆ ಸೇರಿಸಲೇಬೇಕು. ಸಾಯುವ ಯೋಚನೆ ಇರುವವರ ಕೈಗೆ 60 ದಿನದ ಮಾತ್ರೆ ಕೊಡಬಾರದು. ಅಂಥವರಿಗೆ ವಾರಕ್ಕೊಮ್ಮೆ, ಮನೆಯ ಇನ್ನೊಬ್ಬರ ಕೈಯಲ್ಲಿ. ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ, ಅದರಲ್ಲೂ 25ರೊಳಗಿನವರಲ್ಲಿ, ಈ ಯೋಚನೆ ಹೆಚ್ಚುವ ಸಾಧ್ಯತೆ ಇರುವುದರಿಂದ ಮೊದಲ ವಾರದಲ್ಲೇ ಒಂದು ಫೋನು, ಎರಡನೇ ವಾರ ಮುಖತಃ ಭೇಟಿ ಆಗಬೇಕು. ತೋಟದ ಮನೆಗಳಲ್ಲಿ ಕೀಟನಾಶಕ, ಕಳೆನಾಶಕ ಬೀಗದೊಳಗಿರಲಿ, ಬೀಗದ ಕೈ ಬೇರೆಯವರ ಹತ್ತಿರ ಇರಲಿ. ಇದನ್ನು ಕೃಷಿ ಮತ್ತು ತೋಟಗಾರಿಕೆ ಇಲಾಖೆಯವರೂ ತಮ್ಮ ಸಭೆಗಳಲ್ಲಿ ಹೇಳಬಹುದು.

ಎರಡನೆಯದು, ಮಾತ್ರೆಯ ಜೊತೆ ಕನ್ನಡದಲ್ಲಿ ಒಂದು ಹಾಳೆ. ದಿನ ಕಳೆಯುವುದು ಹೇಗೆ ಎಂಬುದೇ ರೋಗಿಗೂ ಮನೆಯವರಿಗೂ ಇರುವ ನಿಜವಾದ ಪ್ರಶ್ನೆ. ಅದಕ್ಕೆ ಈಗ ಸಿಗುವ ಉತ್ತರ 'ಧೈರ್ಯವಾಗಿರಿ' ಅಷ್ಟೇ. ಹಾಳೆಯಲ್ಲಿ ಏನಿರಬೇಕೆಂದು ಹೇಳುತ್ತೇವೆ.

ರಾತ್ರಿ ಎಷ್ಟೇ ಹೊತ್ತಿಗೆ ನಿದ್ದೆ ಬಂದಿರಲಿ, ಬೆಳಿಗ್ಗೆ ಏಳುವ ಸಮಯ ಒಂದೇ ಇರಲಿ. ಎದ್ದ ಮೇಲೆ ಅರ್ಧ ಗಂಟೆ ಜಗುಲಿಯಲ್ಲೋ ಅಂಗಳದಲ್ಲೋ ಬೆಳಕಿನಲ್ಲಿ ಕೂರಬೇಕು. ಮೋಡದ ಬೆಳಕೂ ಕತ್ತಲ ಕೋಣೆಗಿಂತ ಎಷ್ಟೋ ಹೆಚ್ಚು. ಹಿಂದಿನ ದಿನವೇ ಎರಡು ಕೆಲಸ ಬರೆದಿಡಬೇಕು: ಮಾಡಲೇಬೇಕಾದದ್ದು ಒಂದು, ಮೊದಲು ಇಷ್ಟವಾಗುತ್ತಿದ್ದದ್ದು ಒಂದು. ಎರಡೂ ಹತ್ತು ನಿಮಿಷದಷ್ಟು ಸಣ್ಣದಿರಲಿ. 'ತೋಟಕ್ಕೆ ಹೋಗುವುದು' ಬೇಡ, 'ಬಾವಿಕಟ್ಟೆಯವರೆಗೆ ಹೋಗಿ ಬರುವುದು' ಸಾಕು. ಮನಸ್ಸು ಬಂದ ಮೇಲೆ ಮಾಡುತ್ತೇನೆ ಎಂದು ಕಾದರೆ ಆಗುವುದಿಲ್ಲ, ಏಕೆಂದರೆ ಈ ಕಾಯಿಲೆ ಕೆಡಿಸುವುದೇ ಆ 'ಮನಸ್ಸು ಬರುವುದನ್ನು'. ಕೆಲಸ ಮೊದಲು, ಹುರುಪು ನಿಧಾನವಾಗಿ ಆಮೇಲೆ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೊಂದಿದೆ. ಸ್ವಲ್ಪ ಹಗುರಾದ ದಿನ ಬಾಕಿ ಕೆಲಸವನ್ನೆಲ್ಲ ಮಾಡಿ ಮುಗಿಸಿ, ಮರುದಿನ ಹಾಸಿಗೆ ಬಿಟ್ಟೇಳಲಾಗದೆ 'ನನ್ನಿಂದ ಆಗದು' ಎಂದುಕೊಳ್ಳುವುದು. ಒಳ್ಳೆಯ ದಿನವೂ ಬರೆದದ್ದಷ್ಟೇ ಮಾಡಬೇಕು. ಹಸಿವಿಲ್ಲದಿದ್ದರೂ ಹೊತ್ತಿಗೆ ಒಂದು ಲೋಟ ಗಂಜಿಯಾದರೂ ಹೊಟ್ಟೆ ಸೇರಲಿ.

ಮನೆಯವರಿಗೂ ಅದೇ ಹಾಳೆಯಲ್ಲಿ ಎರಡು ಸಾಲು ಬೇಕು. 'ಮನಸ್ಸು ಗಟ್ಟಿ ಮಾಡಿಕೋ', 'ನಿನಗೇನು ಕಡಿಮೆ ಆಗಿದೆ' ಎನ್ನಬೇಡಿ. 'ಬಚ್ಚಲಲ್ಲಿ ನೀರು ಕಾದಿದೆ, ಏಳು' ಎನ್ನಿ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಬಹುದು; ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. 2022ರ ಅಕ್ಟೋಬರ್ 10ರಂದು ಶುರುವಾದ ಸರಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ದಪ್ಪಕ್ಷರದಲ್ಲಿರಲಿ. ಕರೆ ಉಚಿತ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.

ಗುರುತಿಸುವ ಬಗ್ಗೆಯೂ ಒಂದು ಮಾತು. ಮೂವತ್ತು ದಾಟಿದವರಿಗಾಗಿ ಆಶಾ ಕಾರ್ಯಕರ್ತೆಯರು ಮನೆಮನೆಯಲ್ಲಿ ತುಂಬುವ ಸಿಬಿಎಸಿ ಎಂಬ ಆರೋಗ್ಯ ತಪಾಸಣಾ ಫಾರ್ಮಿನಲ್ಲಿ ಕಳೆದ ಎರಡು ವಾರದ ಮನಸ್ಥಿತಿಯ ಬಗ್ಗೆ ಎರಡು ಪ್ರಶ್ನೆಗಳು ಈಗಾಗಲೇ ಇವೆ. ಅಂಕ 3 ದಾಟಿದರೆ ಮುಂದೆ ಕಳಿಸಬೇಕು. ಆದರೆ ಅತ್ತೆ, ಮಾವ, ಗಂಡ ಸುತ್ತ ಕೂತಿರುವಾಗ ಕೇಳಿದರೆ ಯಾವ ಸೊಸೆ 'ಬೇಜಾರಿದೆ' ಎಂದಾಳು? ಆ ಎರಡು ಪ್ರಶ್ನೆಗಳನ್ನು ಹಿತ್ತಲಲ್ಲೋ ಹಾಲಿನ ಡೇರಿಗೆ ಹೋಗುವ ದಾರಿಯಲ್ಲೋ ಒಬ್ಬರನ್ನೇ ಕೇಳುವಂತೆ ತರಬೇತಿ ಕೊಡಿಸಿ. ನಮ್ಮಲ್ಲಿ ಖಿನ್ನತೆ ಎಂಬ ಹೆಸರಿನಲ್ಲೇ ಅದು ಬರುವುದು ಕಡಿಮೆ. ಸುಸ್ತು, ಮೈ ಭಾರ, ಗ್ಯಾಸ್ಟ್ರಿಕ್, ತಲೆಬಿಸಿ ಎಂದು ಬರುತ್ತದೆ. ಹಾಗೆ ಬಂದವರಿಗೆ ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆಯೂ ಆಗಬೇಕು, ಎರಡೂ ಇದೇ ಲಕ್ಷಣ ತೋರಿಸುತ್ತವೆ. ಕಾಲೇಜು ಮಕ್ಕಳು ಈ ಫಾರ್ಮಿನ ಹೊರಗೇ ಉಳಿಯುತ್ತಾರೆ, ಅವರಿಗೆ ಕಾಲೇಜಿನಲ್ಲೇ ವ್ಯವಸ್ಥೆ ಬೇಕು.

ಮುಂದಿನ ಕೆಡಿಪಿ ಸಭೆಯಲ್ಲಿ ಜಿಲ್ಲಾ ಆರೋಗ್ಯಾಧಿಕಾರಿಗಳನ್ನು ಮೂರು ಅಂಕಿ ಕೇಳಿ: ತಾಲ್ಲೂಕುವಾರು ಹೊಸದಾಗಿ ಚಿಕಿತ್ಸೆ ಶುರುವಾದವರು ಎಷ್ಟು, ಅವರಲ್ಲಿ ಎಂಟನೇ ವಾರಕ್ಕೆ ಮರಳಿ ಬಂದವರು ಎಷ್ಟು, ಮಾತ್ರೆ ಖಾಲಿಯಿದ್ದ ದಿನ ಎಷ್ಟು. ಮೊದಲನೆಯ ಅಂಕಿ ಮಾತ್ರ ತಂದರೆ ಉಳಿದೆರಡನ್ನು ತರಲು ಒಂದು ತಿಂಗಳ ಗಡುವು ಕೊಡಿ.

ತಮ್ಮ ವಿಶ್ವಾಸಿಗಳು,
ಶಿರಸಿ, ಕುಮಟಾ, ಕಾರವಾರ ಭಾಗದ ಆಪ್ತಸಮಾಲೋಚಕರು ಮತ್ತು ಶುಶ್ರೂಷಕಿಯರು