ಸರ್ಪಸುತ್ತಿಗೆ ಹೃದಯದ ಮಾತ್ರೆ: ಅವಸರ ಬೇಡ

ಮಾನ್ಯರೇ,

‘ಹೃದಯದ ಮಾತ್ರೆಗೆ ಸರ್ಪಸುತ್ತಿನ ನೋವು ಮಾಯ, ಹೊಸ ಶೋಧ’ ಎಂಬ ವಾಟ್ಸಾಪ್ ಸಂದೇಶ ನಮ್ಮ ಕುಮಟಾ ಕಡೆ ಓಡಾಡುತ್ತಿದೆ. ನನ್ನದು ಔಷಧ ಅಂಗಡಿ. ಮೊಬೈಲ್ ತೋರಿಸಿ ‘ಮೆಕ್ಸಿಲೆಟಿನ್ ಕೊಡಿ’ ಅನ್ನುವವರು ಶುರುವಾಗಿದ್ದಾರೆ. ಸಂದೇಶದಲ್ಲಿರುವ ಹೃದಯದ ಮಾತ್ರೆ ಅದೇ. ‘ಅಪ್ಪನ ಹಾರ್ಟಿನ ಮಾತ್ರೆಯಲ್ಲೇ ಒಂದು ಕೊಟ್ರೆ ಆಗ್ತದಾ?’ ಎಂದವರೂ ಇದ್ದಾರೆ. ಹಾರ್ಟಿನ ಮಾತ್ರೆಗಳೆಲ್ಲ ಒಂದೇ ಅಂದುಕೊಂಡರೆ ಕಷ್ಟ.

ಶೋಧ ಸುಳ್ಳಲ್ಲ. ಹೊಸದೂ ಅಲ್ಲ, 2005ರಲ್ಲೇ ಪ್ರಕಟವಾದದ್ದು. ಅದೂ ಇಲಿಗಳ ಮೇಲೆ. ಚಿಕನ್‌ಪಾಕ್ಸ್ ಮತ್ತು ಸರ್ಪಸುತ್ತು ಎರಡಕ್ಕೂ ಕಾರಣವಾದ ವೈರಸ್ಸನ್ನು ಇಲಿಯ ಪಾದಕ್ಕೆ ಚುಚ್ಚುತ್ತಾರೆ. ಆಮೇಲೆ ಜಾಳಿಗೆಯ ಮೇಲೆ ಬಿಟ್ಟು, ಕೆಳಗಿನಿಂದ ನೈಲಾನ್ ಎಳೆಯಲ್ಲಿ ಪಾದ ಮುಟ್ಟುತ್ತಾರೆ. ಬೇರೆ ಇಲಿಗಳು ಕ್ಯಾರೇ ಅನ್ನದ ಎಳೆಗೂ ಈ ಇಲಿ ಕಾಲು ಎಳೆದುಕೊಳ್ಳುತ್ತದೆ. ಮೆಕ್ಸಿಲೆಟಿನ್ ಕೊಟ್ಟಾಗ ಅದು ಕಡಿಮೆಯಾಯಿತು. ನಾವು ದಿನಾ ಮಾರುವ ನೋವಿನ ಮಾತ್ರೆ ಡೈಕ್ಲೋಫೆನಾಕ್ ಕೆಲಸ ಮಾಡಲಿಲ್ಲ. ನರ ಸಂದೇಶ ಕಳಿಸಬೇಕಾದರೆ ಅದರೊಳಗೆ ಸೋಡಿಯಂ ನುಗ್ಗಬೇಕು. ಈ ಔಷಧ ಆ ದಾರಿಯನ್ನು ಮುಚ್ಚುತ್ತದೆ. ಹೃದಯದ ಬಡಿತ ತಪ್ಪಿದಾಗ ಮಾಡುವುದೂ ಅದನ್ನೇ. ಹಲ್ಲು ಕೀಳುವಾಗ ಚುಚ್ಚುವ ಲಿಡೋಕೇನಿಗೆ ಇದು ಹತ್ತಿರದ ನೆಂಟ.

ಬಟ್ಟೆ ತಾಗಿದರೂ ಉರಿ ಎಂದು ಅಂಗಿಯ ಒಂದು ತೋಳು ಬಿಚ್ಚಿಕೊಂಡೇ ಅಂಗಡಿಗೆ ಬರುವ ಹಿರಿಯರನ್ನು ಕಂಡವರಿಗೆ ಆ ನೈಲಾನ್ ಎಳೆಯ ಲೆಕ್ಕ ಅರ್ಥವಾಗುತ್ತದೆ. ಆದರೆ ಏನೂ ತಾಗದೆಯೂ ರಾತ್ರಿಯಿಡೀ ಉರಿಯುತ್ತದಲ್ಲ, ಅದನ್ನು ಇಲಿ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ಹಾಗೆ ಅದಕ್ಕೆ ಗುಳ್ಳೆಯೂ ಏಳುವುದಿಲ್ಲ. ಮೇಲಾಗಿ ಈ ಮಾತ್ರೆಯಿಂದ ತಲೆಸುತ್ತು, ವಾಕರಿಕೆ, ಕೈನಡುಕ ಬರಬಹುದು. ಕೆಲವರಿಗೆ ಹೃದಯದ ಬಡಿತವೇ ಇನ್ನಷ್ಟು ಹದಗೆಡಬಹುದು. ಇಸಿಜಿ ನೋಡದೆ, ಡಾಕ್ಟರ ಚೀಟಿಯಿಲ್ಲದೆ ಸುಮ್ನೆ ಕೊಡುವಂಥದ್ದಲ್ಲ.

ನಾವು ಎಡವುತ್ತಿರುವುದು ಬೇರೆ ಕಡೆ. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ಸನ್ನು ತಡೆಯುವ ಅಸೈಕ್ಲೋವಿರ್‌ನಂಥ ಔಷಧ ಶುರುವಾದರೆ ಗುಳ್ಳೆ ಬೇಗ ಒಣಗುತ್ತದೆ, ಆರಂಭದ ನೋವೂ ತಗ್ಗುತ್ತದೆ. ನಮ್ಮವರು ಆ ಮೂರು ದಿನ ಕಾವಿ ಹಚ್ಚುತ್ತಾ, ಹೆಡೆಗೂ ಬಾಲಕ್ಕೂ ಎಷ್ಟು ದೂರ ಉಳಿದಿದೆ ಎಂದು ನೋಡುತ್ತಾ ಕೂರುತ್ತಾರೆ. ಕಾವಿ ಹಚ್ಚಿ, ನಾಗನಿಗೆ ಹರಕೆಯನ್ನೂ ಹೊರಿ, ಯಾರು ಬೇಡ ಅಂದರು? ಆದರೆ ಮೊದಲ ದಿನವೇ ಡಾಕ್ಟರ ಹತ್ತಿರ ಹೋಗಿ. ಕಣ್ಣಿನ ಸುತ್ತ ಎದ್ದರಂತೂ ಒಂದು ಗಳಿಗೆಯೂ ಕಾಯಬೇಡಿ. 50 ದಾಟಿದವರಿಗೆ ಲಸಿಕೆಯೂ ಇದೆ, ಎರಡು ಡೋಸ್. ಬೆಲೆ ಮಾತ್ರ ಜಾಸ್ತಿ.

ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅಸೈಕ್ಲೋವಿರ್ ಸದಾ ಇರುವಂತೆ ಇಲಾಖೆ ನೋಡಿಕೊಳ್ಳಲಿ. ನೀವು ಈ 72 ಗಂಟೆಯ ವಿಷಯವನ್ನು ದಪ್ಪ ಅಕ್ಷರದಲ್ಲಿ ಹಾಕಿದರೆ, ಆ ತುಣುಕನ್ನು ಕತ್ತರಿಸಿ ನನ್ನ ಕೌಂಟರಿಗೆ ಅಂಟಿಸುತ್ತೇನೆ.

– ಔಷಧ ವ್ಯಾಪಾರಿ, ಕುಮಟಾ