ಗೆಳೆಯನಿಗೊಂದು ಪತ್ರ: ಏಷ್ಯಾದಲ್ಲಿ ನಮ್ಮ ಬೆಂಗಳೂರು ಎಫ್‌ಸಿ

ಬೆಂಗಳೂರು

ಪ್ರಿಯ ಗೆಳೆಯ,

ಏಷ್ಯಾ ಮಟ್ಟದಲ್ಲಿ ನಮ್ಮ ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿ ಮಾಡಿದ್ದೆಂದರೆ ದೋಹಾದಲ್ಲಿ ಸೋತ ಒಂದು ಫೈನಲ್ ಮಾತ್ರ, ಮಿಕ್ಕದ್ದು ಲೆಕ್ಕಕ್ಕೇ ಇಲ್ಲ ಎಂದು ನೀನು ಬರೆದಿದ್ದೆ. ಆ ಮಾತನ್ನು ನಾನು ಒಪ್ಪಲಾರೆ. ಆ ಫೈನಲ್ ಬಗ್ಗೆ ನನಗೂ ಅಪಾರ ಹೆಮ್ಮೆಯಿದೆ. ಆದರೆ ಫಲಿತಾಂಶಗಳನ್ನು ವರ್ಷದ ಕ್ರಮದಲ್ಲಿ ಇಟ್ಟು ನೋಡಿದರೆ, ಈ ತಂಡವನ್ನು ಏಷ್ಯಾದಲ್ಲಿ ಅಷ್ಟು ದೂರ ಒಯ್ದದ್ದು ಅದರ ರಕ್ಷಣಾ ವಿಭಾಗ ಎಂಬುದು ಸ್ಪಷ್ಟವಾಗುತ್ತದೆ. ಅದು ಸಡಿಲವಾದಾಗಲೇ ತಂಡದ ಓಟವೂ ನಿಂತಿತು.

2013ರಲ್ಲಿ ಹುಟ್ಟಿದ ಕ್ಲಬ್ ಮೊದಲ ಋತುವಿನಲ್ಲೇ ದೇಶದ ಆಗಿನ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆದ್ದು, 2015ರ ಆರಂಭದಲ್ಲಿ ಏಷ್ಯಾ ಫುಟ್‌ಬಾಲ್ ಒಕ್ಕೂಟದ (ಎಎಫ್‌ಸಿ) ಅಗ್ರ ಟೂರ್ನಿಯಾದ ಚಾಂಪಿಯನ್ಸ್ ಲೀಗಿನ ಅರ್ಹತಾ ಸುತ್ತಿನಲ್ಲಿ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ತಂಡವನ್ನು ಎದುರಿಸಿ, ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತಿತು. ಆಮೇಲೆ ಆಡಿದ, ಅದಕ್ಕಿಂತ ಕೆಳಗಿನ ಹಂತದ ಟೂರ್ನಿಯಾದ ಎಎಫ್‌ಸಿ ಕಪ್‌ನಲ್ಲಿ ಗುಂಪು ಹಂತವನ್ನು ದಾಟಿ, ಹದಿನಾರರ ಘಟ್ಟದಲ್ಲಿ ಹಾಂಗ್‌ಕಾಂಗಿನ ಸೌತ್ ಚೈನಾ ತಂಡಕ್ಕೆ ಶರಣಾಯಿತು. ಎರಡು ವರ್ಷವೂ ತುಂಬದ ಕ್ಲಬ್ಬಿಗೆ ಅದು ಕಡಿಮೆಯೇನಲ್ಲ.

2016ರ ಕಥೆ ನಿನಗೆ ಗೊತ್ತಿರುವುದೇ ಆದರೂ ಅದರ ಅಂಕಿಗಳನ್ನು ಇನ್ನೊಮ್ಮೆ ನೋಡು. ಹದಿನಾರರ ಘಟ್ಟದಲ್ಲಿ ಕಿಚ್ಚಿ ತಂಡವನ್ನು ಹಾಂಗ್‌ಕಾಂಗಿನಲ್ಲೇ 3-2ರಿಂದ ಸೋಲಿಸಿದ ಮೇಲೆ, ಕ್ವಾರ್ಟರ್‌ಫೈನಲಿನಲ್ಲಿ ಸಿಂಗಪುರದ ಟ್ಯಾಂಪಿನ್ಸ್ ರೋವರ್ಸ್ ಎದುರು ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ ಸಿ.ಕೆ. ವಿನೀತ್ ಹೊಡೆದ ಒಂದೇ ಗೋಲು ಸಾಕಾಯಿತು, ಏಕೆಂದರೆ ಸಿಂಗಪುರದಲ್ಲಿ ನಡೆದ ಎರಡನೆಯ ಪಂದ್ಯ 0-0ರಲ್ಲಿ ಮುಗಿಯಿತು. ಸೆಮಿಫೈನಲಿನಲ್ಲಿ ಮತ್ತೆ ಎದುರಾದದ್ದು ಅದೇ ಜೊಹೊರ್ ತಂಡ. ಹಿಂದಿನ ವರ್ಷ ಕಪ್ ಗೆದ್ದಿದ್ದ ಆ ತಂಡ 2016ರ ಗುಂಪು ಹಂತದ ಎರಡೂ ಪಂದ್ಯಗಳಲ್ಲಿ ನಮ್ಮನ್ನು ಸೋಲಿಸಿತ್ತು. ಅವರ ನೆಲದಲ್ಲಿ 1-1 ಮಾಡಿಕೊಂಡು ಬಂದ ನಮ್ಮ ಹುಡುಗರು ಅಕ್ಟೋಬರ್ 19ರಂದು ಕಂಠೀರವದಲ್ಲಿ ಮೊದಲು ಒಂದು ಗೋಲು ಬಿಟ್ಟುಕೊಟ್ಟರೂ ಕಂಗೆಡಲಿಲ್ಲ. ಕಾರ್ನರಿನಿಂದ ಬಂದ ಚೆಂಡಿಗೆ ತಲೆಯೊಡ್ಡಿ ಸಮ ಮಾಡಿದ ಸುನಿಲ್ ಛೆಟ್ರಿ, ವಿರಾಮದ ನಂತರ ಪೆನಾಲ್ಟಿ ಪೆಟ್ಟಿಗೆಯ ಹೊರಗಿನಿಂದ ಎರಡನೆಯದನ್ನು ಹೊಡೆದರು. ಮೂರನೆಯದು ಸ್ಪೇನಿನ ಡಿಫೆಂಡರ್ ಜುವಾನನ್ ಅವರದು. ಓಟದ ಟ್ರ್ಯಾಕ್ ಆಚೆಗಿರುವ, ನಮ್ಮ ಅಭಿಮಾನಿಗಳು ಕೂರುವ ವೆಸ್ಟ್ ಬ್ಲಾಕ್‌ನ ಕೂಗು ಆ ರಾತ್ರಿ ಕಸ್ತೂರಬಾ ರಸ್ತೆಯವರೆಗೂ ಕೇಳಿಸಿರಬೇಕು. ಭಾರತದ ಕ್ಲಬ್ ಒಂದು ಎಎಫ್‌ಸಿ ಕಪ್ ಫೈನಲ್ ತಲುಪಿದ್ದು ಅದೇ ಮೊದಲು. ಅದಕ್ಕೂ ಮುಂಚೆ ಡೆಂಪೊ ಮತ್ತು ಈಸ್ಟ್ ಬೆಂಗಾಲ್ ಸೆಮಿಫೈನಲಿನಲ್ಲೇ ನಿಂತಿದ್ದವು.

ನವೆಂಬರ್ 5ರಂದು ದೋಹಾದಲ್ಲಿ ಅಮಾನತಿನಲ್ಲಿದ್ದ ಅಮರಿಂದರ್ ಸಿಂಗ್ ಬದಲು ಲಾಲ್‌ತುವಾಮ್ಮಾವಿಯಾ ರಾಲ್ಟೆ ಗೋಲು ಕಾಯಬೇಕಾಯಿತು. ಇರಾಕಿನ ಅಲ್ ಖುವಾ ಅಲ್ ಜವಿಯಾ ಪರವಾಗಿ ಹಮ್ಮಾದಿ ಅಹ್ಮದ್ 71ನೆಯ ನಿಮಿಷದಲ್ಲಿ ಹೊಡೆದ ಗೋಲೇ ಪಂದ್ಯವನ್ನು ತೀರ್ಮಾನಿಸಿತು. ಆ ಕ್ಲಬ್ ಮುಂದಿನ ಎರಡು ವರ್ಷವೂ ಅದೇ ಕಪ್ ಗೆದ್ದಿತು ಎಂಬುದನ್ನು ನೆನಪಿಟ್ಟುಕೊಂಡರೆ 0-1ರ ಸೋಲಿನ ತೂಕ ಅರ್ಥವಾಗುತ್ತದೆ.

ನೀನು ಲೆಕ್ಕಕ್ಕೆ ತೆಗೆದುಕೊಳ್ಳದ 2017ರಲ್ಲಿ ಮೋಹನ್ ಬಾಗಾನ್, ಅಬಾಹನಿ ಢಾಕಾ ಮತ್ತು ಮಾಲ್ಡೀವ್ಸಿನ ಮಾಜಿಯಾ ಇದ್ದ ಗುಂಪನ್ನು ಗೆದ್ದು, ಉತ್ತರ ಕೊರಿಯಾದ 'ಏಪ್ರಿಲ್ 25' ತಂಡವನ್ನು ಕಂಠೀರವದಲ್ಲಿ 3-0ರಿಂದ ಸೋಲಿಸಿದೆವು. ಛೆಟ್ರಿ, ಉದಾಂತ ಸಿಂಗ್ ಮತ್ತು ಲೆನ್ನಿ ರೋಡ್ರಿಗಸ್ ಗೋಲು ಹೊಡೆದರು. ಆ ಮೇಲೆ ಪ್ಯೊಂಗ್ಯಾಂಗಿನ ಮೇ ಡೇ ಕ್ರೀಡಾಂಗಣದಲ್ಲಿ ಒಂದೂ ಗೋಲು ಬಿಟ್ಟುಕೊಡದೆ ಹಿಂದಿರುಗಿದೆವು. ಟ್ಯಾಂಪಿನ್ಸ್ ಎದುರಿನ ಮೊದಲ ಪಂದ್ಯದಿಂದ ಪ್ಯೊಂಗ್ಯಾಂಗಿನವರೆಗೆ ಎಎಫ್‌ಸಿ ಕಪ್‌ನ ಏಳು ನಾಕೌಟ್ ಪಂದ್ಯಗಳಲ್ಲಿ ನಾವು ಬಿಟ್ಟುಕೊಟ್ಟದ್ದು ಮೂರೇ ಗೋಲು. ನನ್ನ ಮಟ್ಟಿಗೆ ಕ್ಲಬ್ಬಿನ ಅತ್ಯುತ್ತಮ ದಾಖಲೆ ಇದೇ.

ಅದರ ನಂತರದ ನಾಲ್ಕು ನಾಕೌಟ್ ಪಂದ್ಯಗಳಲ್ಲಿ ಎಂಟು ಗೋಲು ಬಿಟ್ಟುಕೊಟ್ಟೆವು. 2017ರಲ್ಲೇ ತಜಿಕಿಸ್ತಾನದ ಇಸ್ತಿಕ್ಲೋಲ್ ಎದುರು ದುಶಾನ್‌ಬೆಯಲ್ಲಿ 0-1, ಕಂಠೀರವದಲ್ಲಿ 2-2; 2018ರ ಆಗಸ್ಟಿನಲ್ಲಿ ತುರ್ಕ್‌ಮೆನಿಸ್ತಾನದ ಅಲ್ತಿನ್ ಅಸಿರ್ ಎದುರು ಇಲ್ಲಿ 2-3, ಅಲ್ಲಿ 0-2. ಭಾರತದ ಲೀಗ್ ಆರಂಭವಾಗುವ ಮೊದಲೇ ಈ ಪಂದ್ಯಗಳು ಬರುತ್ತಿದ್ದವು, ಆಟಗಾರರಿಗೆ ಅಭ್ಯಾಸ ಸಾಲುತ್ತಿರಲಿಲ್ಲ ಎಂಬ ಸಮರ್ಥನೆಯನ್ನು ಹಲವರು ಕೊಡುತ್ತಾರೆ. 2016 ಮತ್ತು 2017ರಲ್ಲೂ ಅದೇ ಸ್ಥಿತಿಯಿತ್ತಾದ್ದರಿಂದ ಅದು ನನಗೆ ಹಿಡಿಸುವುದಿಲ್ಲ. 2018ರ ಬೇಸಿಗೆಯಲ್ಲಿ ತರಬೇತುದಾರ ಆಲ್ಬರ್ಟ್ ರೋಕಾ ಹೊರಟುಹೋದದ್ದು, ಜುವಾನನ್ ಜೊತೆ ನಿಂತು ರಕ್ಷಣೆಯನ್ನು ಕಾಯುತ್ತಿದ್ದ ಜಾನ್ ಜಾನ್ಸನ್ ಕೋಲ್ಕತ್ತದ ಎಟಿಕೆ ಕ್ಲಬ್ ಸೇರಿದ್ದು, 2018ರ ಕುಸಿತಕ್ಕೆ ಇವೆರಡೇ ನನಗೆ ದೊಡ್ಡ ಕಾರಣಗಳಾಗಿ ಕಾಣುತ್ತವೆ.

2020ರಲ್ಲಿ ಭೂತಾನಿನ ಪಾರೊ ತಂಡಕ್ಕೆ ಒಂದೇ ಪಂದ್ಯದಲ್ಲಿ ಒಂಬತ್ತು ಗೋಲು ಹೊಡೆದೂ, ಕೂಡಲೇ ಮಾಜಿಯಾ ಎದುರು ಕಂಠೀರವದಲ್ಲೇ ಪೆನಾಲ್ಟಿ ಶೂಟೌಟಿನಲ್ಲಿ ಸೋತು ಹೊರಬಿದ್ದೆವು. 2021ರಲ್ಲಿ ಮಾಲೆಯಲ್ಲಿ ಅದೇ ಮಾಜಿಯಾವನ್ನು 6-2ರಿಂದ ಸೋಲಿಸಿದ್ದು ಗುಂಪು ದಾಟಲು ಸಾಲಲಿಲ್ಲ.

ಎಎಫ್‌ಸಿ ಕಪ್ ಈಗ ಇಲ್ಲ. 2024-25ರಿಂದ ಅದರ ಜಾಗಕ್ಕೆ ಚಾಂಪಿಯನ್ಸ್ ಲೀಗ್ ಟೂ ಬಂದಿದ್ದು, ವಿದೇಶಿ ಆಟಗಾರರ ಸಂಖ್ಯೆಯ ಮಿತಿಯನ್ನು ಅಲ್ಲಿ ತೆಗೆದುಹಾಕಿದ್ದಾರೆ. ಹಣವಿರುವ ಎದುರಾಳಿಗಳು ಇನ್ನಷ್ಟು ಬಲವಾಗಿ ಬರುತ್ತಾರೆ. ನಮ್ಮ ಕ್ಲಬ್ ಮತ್ತೆ ಆ ಮಟ್ಟಕ್ಕೇರಿದ ದಿನ, ಹೊಸ ಸ್ಟ್ರೈಕರ್‌ಗಿಂತ ಮೊದಲು ಜುವಾನನ್ ಮತ್ತು ಜಾನ್ಸನ್ ಅವರಂಥ ಜೋಡಿಯೊಂದನ್ನು ಕಟ್ಟಬೇಕು ಎನ್ನುವುದು ನನ್ನ ದೃಢವಾದ ಅಭಿಪ್ರಾಯ. ನಿನಗೆ ಹೇಗೆ ಕಾಣುತ್ತದೆ, ಬರೆದು ತಿಳಿಸು.

ನಿನ್ನ ಗೆಳೆಯ